ಕಣ ಮೊದಲು, ಮಿಲ್ಲು ಆಮೇಲೆ

ರೈತ ಉದ್ಯಮಿ ಆಗಬೇಕು ಎಂದು ಈಗ ಎಲ್ಲ ಸಭೆಗಳಲ್ಲೂ ಹೇಳುತ್ತಾರೆ. ಆಗಲಿ, ಬೇಡ ಅನ್ನುವವನು ನಾನಲ್ಲ. ಆದರೆ ಉದ್ಯಮ ನಡೆಸುವುದನ್ನು ರೈತನಿಗೆ ಅ-ಆ ಇಂದ ಕಲಿಸಬೇಕು ಅನ್ನುವ ಮಾತಿಗೆ ನನ್ನ ತಕರಾರಿದೆ. ನಮಗೆ ಅದು ಬರುತ್ತದೆ. ಫೈಲು ಕೈಗೆ ಬಂದ ದಿನ ಮರೆಯುತ್ತೇವೆ, ಅಷ್ಟೆ. ನಾನೂ ಮರೆತವನೇ.

ನಮ್ಮೂರು ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ. ನನ್ನ ಹೊಲಕ್ಕೆ ಕಾಲುವೆ ನೀರಿಲ್ಲ. ತೊಗರಿ, ಸಜ್ಜೆ, ಹಿಂಗಾರಿಗೆ ಬಿಳಿಜೋಳ, ಕಡಲೆ. ಎರೆಭೂಮಿಯಲ್ಲಿ ಬಿತ್ತನೆಯ ಹದ ನಾಲ್ಕು ದಿನವೂ ನಿಲ್ಲುವುದಿಲ್ಲ. ಅದಕ್ಕೇ ಮಳೆ ಬರುವ ಮುಂಚೆಯೇ ಕೂರಿಗೆ ಸರಿಮಾಡಿ, ಬೀಜ ಹಸನು ಮಾಡಿ, ಎತ್ತು ಯಾರವು, ಕೂರಿಗೆ ಹೊಡೆಯುವವರು ಯಾರು, ಬೀಜ ಬಿಡುವವರು ಯಾರು ಎಂದು ಮಾತಾಡಿ ಇಟ್ಟಿರುತ್ತೇವೆ. ಹೆಸರಿನ ಹದ ತಪ್ಪಿದರೆ ತೊಗರಿ, ತೊಗರಿಯದೂ ತಪ್ಪಿದರೆ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಜೋಳ. ಇದನ್ನು ಯಾವ ಪುಸ್ತಕ ನೋಡಿಯೂ ಮಾಡುವುದಿಲ್ಲ.

ಈಗ ನಮ್ಮ ಮಿಲ್ಲಿನ ಕಥೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ಸರಕಾರ 2020ರಲ್ಲಿ ಪಿಎಂಎಫ್‌ಎಂಇ ಯೋಜನೆ ತಂದಿತು. ಯೋಜನೆಯ ಶೇ. 35, ಅದರ ಮೇಲೆ ನಮ್ಮ ರಾಜ್ಯದ ಶೇ. 15 ಸೇರಿ ಅರ್ಧಕ್ಕರ್ಧ ಸಹಾಯಧನ. 2022ರಲ್ಲಿ ನನ್ನ ತಂಗಿಯ ಮಗ, ನಾನು, ಮಗ್ಗುಲ ಹೊಲದ ಇಬ್ಬರು ಸೇರಿ ಅಳಿಯನ ಹೆಸರಿನಲ್ಲಿ ಸಣ್ಣ ತೊಗರಿಬೇಳೆ ಮಿಲ್ಲು ಹಾಕಿದೆವು. ನಮ್ಮ ಪಾಲಿನ ದುಡ್ಡಿಗೆ ಮನೆಯಾಕೆಯ ಎರಡು ಬಳೆ ಅಡವಿಗೆ ಹೋದವು.

ಪ್ರಾಜೆಕ್ಟ್ ರಿಪೋರ್ಟನ್ನು ಪೇಟೆಯಲ್ಲೊಬ್ಬರು ಬರೆದುಕೊಟ್ಟರು. ಬೇರೆ ಯಾರದೋ ರಿಪೋರ್ಟಿಗೆ ನಮ್ಮ ಹೆಸರು ಹಾಕಿದ್ದು ಎಂದು ಆಮೇಲೆ ತಿಳಿಯಿತು. ಅದರಲ್ಲಿ ವರ್ಷಕ್ಕೆ 300 ದಿನ ಕೆಲಸ, ದಿನಕ್ಕೆ 5 ಕ್ವಿಂಟಲ್ ಎಂದಿತ್ತು. ನಾಲ್ವರೂ ಸಹಿ ಹಾಕಿದೆವು. ತೊಗರಿ ಬೆಳೆದು ತಲೆ ಹಣ್ಣಾದ ನನಗೂ ಕೇಳಬೇಕು ಅನ್ನಿಸಲಿಲ್ಲ.

ತೊಗರಿ ನೇರ ಮಿಲ್ಲಿಗೆ ಹಾಕಿದರೆ ಬೇಳೆ ಆಗುವುದಿಲ್ಲ. ಸಿಪ್ಪೆ ಕಾಳಿಗೆ ಅಂಟಿಕೊಂಡಿರುತ್ತದೆ. ಮನೆಯಲ್ಲಿ ಹೆಂಗಸರು ನೆನೆಸಿ, ಕೆಮ್ಮಣ್ಣು ಸವರಿ, ಒಣಗಿಸಿ ಬೀಸುತ್ತಿದ್ದರು. ಮಿಲ್ಲಿನಲ್ಲಿ ಕಾಳಿನ ಮೈ ಗೀರಿ, ಎಣ್ಣೆ ಹಚ್ಚಿ, ರಾತ್ರಿ ಗುಂಪೆ ಹಾಕಿ, ಎರಡು ಮೂರು ದಿನ ಬಿಸಿಲಿಗೆ ಹರಡಬೇಕು. ದಿನಕ್ಕೆ 5 ಕ್ವಿಂಟಲ್ ಒಡೆಯಬೇಕಾದರೆ ಮೂರು ದಿನದ ಕಾಳು, ಅಂದರೆ 15 ಕ್ವಿಂಟಲ್, ಒಂದೇ ಸಲ ಕಣದಲ್ಲಿ ಇರಬೇಕು. ನಮ್ಮ ಕಣದಲ್ಲಿ 5 ಕ್ವಿಂಟಲ್ ಹರಡುವುದೇ ಕಷ್ಟ. ಇದ್ದ ಜಾಗಕ್ಕೆಲ್ಲ ಶೆಡ್ಡು ಹಾಕಿದ್ದೆವು. ಹೀಗಾಗಿ ಮಿಲ್ಲು ಮೂರು ದಿನಕ್ಕೊಮ್ಮೆ ತಿರುಗುತ್ತಿತ್ತು, ಸಾಲದ ಬಡ್ಡಿ ದಿನಾಲೂ ತಿರುಗುತ್ತಿತ್ತು.

ಮಳೆಗಾಲ ಬಂದಾಗ ಅದೂ ನಿಂತಿತು. "ಮಾವ, ರಿಪೋರ್ಟಿನ್ಯಾಗ 300 ದಿನ ಐತಿ" ಅಂದ ಅಳಿಯ. "ಅಪ್ಪಿ, ಶ್ರಾವಣದಾಗ ಬಿಸಿಲು ಏನು ರಿಪೋರ್ಟು ಬರಕೊಡ್ತದ?" ಅಂದೆ. ಇಬ್ಬರಿಗೂ ನಗು ಬರಲಿಲ್ಲ. ಮೋಡ, ಕರೆಂಟು, ಹಬ್ಬ, ಆಳು ಸಿಗದ ದಿನ ಎಲ್ಲ ಕಳೆದು ಎಣಿಸಿದರೆ ನಮ್ಮ ಮಿಲ್ಲಿಗೆ 120 ದಿನವೂ ಇರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಾಲವೆಲ್ಲ ಯಂತ್ರಕ್ಕೆ, ಶೆಡ್ಡಿಗೆ ಆಯಿತು. ತೊಗರಿ ಕೊಳ್ಳುವ ದುಡ್ಡು ಎಲ್ಲಿ? ಆ ವರ್ಷ ಬೆಂಬಲ ಬೆಲೆ 6,600 ರೂಪಾಯಿ. ಅದೇ ದರ ಹಿಡಿದರೂ 50 ಕ್ವಿಂಟಲಿಗೆ 3 ಲಕ್ಷ 30 ಸಾವಿರ. ಬೇಳೆ ಮಾಡಿ ಅಂಗಡಿಗೆ ಹಾಕಿದರೆ ಅಂಗಡಿಯವರು ದುಡ್ಡು ಕೊಡುವುದು ತಿಂಗಳು ಬಿಟ್ಟು. ಸಹಾಯಧನ ಬರುತ್ತದಲ್ಲ ಎಂದು ನಾವು ಧೈರ್ಯವಾಗಿದ್ದೆವು. ಅದು ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲೇ ಇದ್ದು ವರ್ಷಗಳಾದ ಮೇಲೆ ಸಾಲಕ್ಕೆ ಜಮಾ ಆಗುವಂಥದ್ದು. ನಿಯಮ ಕಾಗದದಲ್ಲಿ ಬರೆದೇ ಇತ್ತು, ನಾವು ಓದಿರಲಿಲ್ಲ.

ಮಿಲ್ಲು ಮಾರುವ ಮಾತೂ ಬಂತು. ಅರ್ಧ ಬೆಲೆಗೆ ಕೇಳಿದರು. ಆಗ ಮಗ್ಗುಲ ಹೊಲದವರು, "ಮಳಿ ಹೋತು ಅಂತ ಹೊಲ ಮಾರ್ತೀವೇನು, ಬ್ಯಾರೆ ಬಿತ್ತತೀವಿ" ಅಂದರು. ಬೇರೆಯದೇ ಬಿತ್ತಿದೆವು. ತೊಗರಿ ಕೊಳ್ಳುವುದು ಬಿಟ್ಟು ಕೂಲಿಗೆ ಒಡೆದುಕೊಡಲು ಶುರು ಮಾಡಿದೆವು. ಕಾಳು ಅವರದು, ಬೇಳೆ ಅವರದು, ನಮಗೆ ಕೂಲಿ. ಲಾಭ ಕಡಿಮೆ, ಆದರೆ ಬಂಡವಾಳ ಸಿಕ್ಕಿಕೊಳ್ಳುವುದಿಲ್ಲ. ಶೆಡ್ಡಿನ ಹಿಂದಿನ ಜಾಗ ಕರಾರಿಗೆ ಹಿಡಿದು ಗಚ್ಚು ಹಾಕಿಸಿ ಕಣ ಮಾಡಿದೆವು. ಮೊದಲೇ ಮಾಡಿದ್ದರೆ ಒಂದು ವರ್ಷದ ಬಡ್ಡಿ ಉಳಿಯುತ್ತಿತ್ತು.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ಅವತ್ತು ಸಂಜೆ ನಾಲ್ವರೂ ಕೂಡುತ್ತೇವೆ. ಒಂದು ಉದ್ದ ನೋಟ್‌ಬುಕ್. ಎಷ್ಟು ತೊಗರಿ ಬಂತು, ಎಷ್ಟು ಬೇಳೆ ಹೋಯಿತು, ನುಚ್ಚೆಷ್ಟು, ಹೊಟ್ಟೆಷ್ಟು, ಯಾರ ಬಾಕಿ ಎಷ್ಟು. ಮುಂದಿನ ವಾರದ ಪ್ರತಿ ಕೆಲಸಕ್ಕೆ ಒಬ್ಬರದೇ ಹೆಸರು. ಮೊದಲು "ಎಲ್ಲರೂ ನೋಡಿಕೊಳ್ಳೋಣ" ಅನ್ನುತ್ತಿದ್ದೆವು, ಎಲ್ಲರ ಎತ್ತಿಗೆ ನೀರು ಕುಡಿಸುವವರಿರಲಿಲ್ಲ. ತೂಗುವುದು ಶುರು ಮಾಡಿದ ಮೇಲೇ ಗೊತ್ತಾಯಿತು, ನೂರು ಕಿಲೋ ತೊಗರಿಗೆ ನಮಗೆ 66 ಕಿಲೋ ಬೇಳೆ ಮಾತ್ರ ಬರುತ್ತಿತ್ತು. ಕಾಳು ಸರಿಯಾಗಿ ಒಣಗಿಸಿ, ದಪ್ಪ-ಸಣ್ಣ ಬೇರೆ ಮಾಡಿ ಹಾಕಿದಾಗ 71ಕ್ಕೆ ಏರಿತು. ಕೂಲಿಗೆ ಕೊಡುವವರು ಮತ್ತೆ ಬರುವುದು ಈ ಐದು ಕಿಲೋಕ್ಕೇ.

ನಮ್ಮ ಹತ್ತಿರವೇ ಹಟ್ಟಿ ಚಿನ್ನದ ಗಣಿ ಇದೆ. ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ. ಎಲ್ಲವನ್ನೂ ತೂಗಿ, ಖರ್ಚು ಹಿಡಿದೇ ನಡೆಸುತ್ತಾರೆ. ಅಷ್ಟು ಹೆಸರಾದ ಕೋಲಾರದ ಗಣಿಯನ್ನು 2001ರಲ್ಲಿ ಮುಚ್ಚಿದರು. ಚಿನ್ನ ಪೂರ್ತಿ ಮುಗಿದಿತ್ತೆಂದಲ್ಲ, ತೆಗೆಯುವ ಖರ್ಚು ಮೀರಿತ್ತು. ಚಿನ್ನಕ್ಕೇ ಹೀಗಾದರೆ ಬೇಳೆಗೆ ರಿಯಾಯಿತಿ ಇದೆಯೇ?

ಸಹಾಯಧನ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಸಿಗದಿದ್ದರೂ ನಡೆಯುವ ಕೆಲಸವಾದರೆ ಮಾತ್ರ ತಗೊಳ್ಳಿ ಅನ್ನುತ್ತೇನೆ. ತರಬೇತಿ ಕೊಡುವವರಿಗೂ ಒಂದು ಮಾತು. ರಿಪೋರ್ಟು ಬರೆಯುವ ಮುಂಚೆ ರೈತನ ಮನೆ ಹೆಂಗಸರನ್ನು ಒಂದು ತಾಸು ಕೂಡಿಸಿ ಕೇಳಿ. ಬೇಳೆಗೆ ಬಿಸಿಲು ಎಷ್ಟು ಬೇಕೆಂದು ನನ್ನ ಮನೆಯಾಕೆಗೆ ಮೊದಲೇ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಬಳೆ ಬಿಡಿಸಿದ್ದೇನೆ. ಇನ್ನೊಂದು ಬಾಕಿ ಇದೆ. ಹೋದ ತಿಂಗಳು ಪಕ್ಕದ ಊರಿನ ಮೂವರು ಹುಡುಗರು ಶೇಂಗಾ ಎಣ್ಣೆ ಗಾಣ ಹಾಕುತ್ತೇವೆಂದು ಕೇಳಲು ಬಂದಿದ್ದರು. ಯಂತ್ರದ ಫೋಟೋ ಫೋನಿನಲ್ಲಿ ತೋರಿಸಿದರು. ವರ್ಷದಲ್ಲಿ ಎಷ್ಟು ದಿನ ಗಾಣ ತಿರುಗುತ್ತದೆ, ಹಿಂಡಿ ಯಾರು ಕೊಳ್ಳುತ್ತಾರೆ, ಎರಡನ್ನೇ ಬರೆದುಕೊಂಡು ಬರ್ರಿ ಅಂದೆ. ಸೋಮವಾರ ಬರುತ್ತೇವೆಂದಿದ್ದಾರೆ.