ಬಾಗಿಲ ಮೇಲಿನ ಗರಿಯ ಶಿಲುಬೆ ಏನನ್ನು ಕಾಯುತ್ತದೆ?

ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಗಳಲ್ಲಿ ಒಂದು ಬಾಗಿಲಿಗೆ ಮಾವಿನ ತೋರಣ, ಮತ್ತೊಂದಕ್ಕೆ ನಿಂಬೆಹಣ್ಣು–ಮೆಣಸಿನಕಾಯಿ ಕಟ್ಟಿರುತ್ತಾರೆ. ಇವುಗಳ ನಡುವೆ ಎಲ್ಲೋ ಒಂದು ಮನೆಯ ಬಾಗಿಲವಾಡದ ಮೇಲೆ ಒಣಗಿದ ತೆಂಗಿನ ಗರಿಯಲ್ಲಿ ಹೆಣೆದ ಪುಟ್ಟ ಶಿಲುಬೆ ಕಾಣಿಸುತ್ತದೆ. ಅದು ಕ್ರೈಸ್ತರ ಮನೆ ಎಂದು ಬೀದಿಯವರಿಗೆ ಗೊತ್ತು. ಅದೂ ದೃಷ್ಟಿ ತಾಕದಿರಲೆಂದೇ ಇರಬೇಕು ಎಂದು ಅಂದುಕೊಂಡು ಮುಂದೆ ಹೋಗುತ್ತಾರೆ. ಆ ಮನೆಯವರನ್ನೇ ಕೇಳಿದರೂ ಕೆಲವರು ಹೌದೆಂದಾರು.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದಂದು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿ ಅದು. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡರೆಂಬ ನೆನಪಿಗೆ ಹಂಚುವುದು. ಅದನ್ನು ಮನೆಗೆ ತಂದು ಹೆಣೆದು ಬಾಗಿಲಿಗೋ ಪಟದ ಹಿಂದಕ್ಕೋ ಸಿಕ್ಕಿಸುತ್ತಾರೆ. ವರ್ಷ ಕಳೆದು ಬೂದಿ ಬುಧವಾರ ಹತ್ತಿರವಾದಾಗ ಆ ಹಳೆಯ ಗರಿಗಳು ಚರ್ಚಿಗೆ ಮರಳುತ್ತವೆ. ಸುಟ್ಟು ಬೂದಿಯಾಗಿ ಜನರ ಹಣೆ ಮುಟ್ಟುತ್ತವೆ, ಮನುಷ್ಯ ಮಣ್ಣಿಗೆ ಸೇರುವವನು ಎಂದು ನೆನಪಿಸುವುದಕ್ಕೆ. ಮನೆ ಕಾಯಲೆಂದು ಇಟ್ಟ ಗರಿಯೇ ಕೊನೆಗೆ ಸಾವಿನ ಮಾತಾಡುತ್ತದೆ. ಈ ವಿಚಿತ್ರವನ್ನು ಹಿಡಿದುಕೊಂಡರೆ ಕ್ರೈಸ್ತರು ಕುಟುಂಬದ ರಕ್ಷಣೆಗಾಗಿ ಮಾಡುವ ಪ್ರಾರ್ಥನೆ ಬಹುಮಟ್ಟಿಗೆ ತಿಳಿಯುತ್ತದೆ.

ಮನೆಯೊಳಗಿನ ಕ್ರಮ ಸರಳ. ಕಥೋಲಿಕರ ಮನೆಯಾದರೆ ಸಂಜೆ ಏಳು–ಎಂಟರ ನಡುವೆ ಟಿವಿ ಆರಿಸಿ, ಪೀಠದ ಮುಂದೆ ಮೇಣದಬತ್ತಿ ಹಚ್ಚಿ, ಶಿಲುಬೆ ಗುರುತು ಹಾಕಿಕೊಂಡು ಜಪಸರ ಶುರುಮಾಡುತ್ತಾರೆ. ಹತ್ತು ಹತ್ತು ಮಣಿಗಳ ಐದು ಸುತ್ತು. ಒಂದೊಂದು ಸುತ್ತನ್ನು ಒಬ್ಬೊಬ್ಬರು ನಡೆಸಬೇಕು. ಮನೆಯ ಚಿಕ್ಕ ಹುಡುಗನಿಗೂ ಪಾಳಿ ತಪ್ಪದು. ಅವನು ಎಂಟನೆಯ ಮಣಿಗೇ ಹತ್ತಾಯಿತೆಂದು ನಿಲ್ಲಿಸುವುದೂ, ಅಜ್ಜಿ ಕಣ್ಣು ತೆರೆಯದೆಯೇ ತಿದ್ದುವುದೂ ಉಂಟು. ಆಮೇಲೆ ಹೆಸರುಗಳು: ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವ ಮಗ, ಹೆರಿಗೆಗೆ ದಿನ ಎಣಿಸುತ್ತಿರುವ ಸೊಸೆ, ಡಯಾಲಿಸಿಸ್‌ನಲ್ಲಿರುವ ಪಕ್ಕದ ಮನೆಯ ಯಜಮಾನರು. ಕೊಂಕಣಿ ಮಾತಾಡುವ ಮನೆಗಳಲ್ಲಿ ಕೊನೆಗೆ ಮಕ್ಕಳು ಹಿರಿಯರ ಬಳಿ ಬಂದು ‘ಬೆಸಾಂವ್’ ಕೇಳುತ್ತಾರೆ, ಅಂದರೆ ಆಶೀರ್ವಾದ. ಸಿಎಸ್‌ಐನಂಥ ಪ್ರಾಟೆಸ್ಟಂಟ್ ಸಭೆಗಳವರಾದರೆ ಜಪಸರವಿಲ್ಲ, ಪಟವಿಲ್ಲ. ಸತ್ಯವೇದದ ಒಂದು ಅಧ್ಯಾಯ, ಒಂದು ಹಾಡು, ಆಮೇಲೆ ಮನಸ್ಸಿಗೆ ಬಂದ ಮಾತಿನಲ್ಲೇ ಪ್ರಾರ್ಥನೆ. ಹೆಸರು ಹೇಳುವ ಭಾಗ ಮಾತ್ರ ಎರಡೂ ಕಡೆ ಒಂದೇ.

ಇಲ್ಲಿ ಬೇಡುವುದು ಏನನ್ನು? ಯೇಸು ಶಿಷ್ಯರಿಗೆ ಕಲಿಸಿದನೆಂದು ಮತ್ತಾಯ ಮತ್ತು ಲೂಕ ದಾಖಲಿಸಿರುವ ಪ್ರಾರ್ಥನೆಯೇ ಎಲ್ಲ ಪಂಗಡಗಳಿಗೂ ಮಾದರಿ. ಅದರಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಬೇಡಿಕೆಗಳ ಸರದಿ. ದೇವರನ್ನು ತಂದೆಯೆಂದು ಕರೆದು, ಅವನ ಹೆಸರು, ಅವನ ರಾಜ್ಯ, ಅವನ ಇಚ್ಛೆ ಎಂದು ಶುರುವಾಗುತ್ತದೆ. ಆಮೇಲೆ ಊಟ, ಅದೂ ಆ ದಿನಕ್ಕೆ ಸಾಕಾಗುವಷ್ಟು. ನಂತರ ಕ್ಷಮೆ. ಕೇಡಿನಿಂದ ಬಿಡುಗಡೆ ಕಟ್ಟಕಡೆಗೆ. ಎರಡನೆಯದು, ಇಡೀ ಪ್ರಾರ್ಥನೆಯಲ್ಲಿ ‘ನಾನು’ ಎಂಬುದೇ ಇಲ್ಲ, ಎಲ್ಲವೂ ‘ನಾವು’. ನನ್ನ ಮನೆಯೊಂದು ಉಳಿಯಲಿ, ಉಳಿದವರು ಏನಾದರೂ ಆಗಲಿ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ.

ದೇವರಿಗೆ ಹತ್ತಿರವಾಗುವುದೂ ಅವನು ಕಾಯುವುದೂ ಒಂದಕ್ಕೊಂದು ಅಂಟಿಕೊಂಡೇ ಬಂದಿವೆ ಎನ್ನುವುದಕ್ಕೆ ಗಟ್ಟಿಯಾದ ಪುರಾವೆ ಜೆರುಸಲೇಮಿನ ಕೇತೆಫ್ ಹಿನ್ನೋಮ್ ಎಂಬಲ್ಲಿನ ಹಳೆಯ ಗೋರಿಗಳಲ್ಲಿ ಸಿಕ್ಕಿದೆ. 1979ರಲ್ಲಿ ಗೇಬ್ರಿಯಲ್ ಬಾರ್ಕೈ ಅವರ ಉತ್ಖನನದಲ್ಲಿ ಬೆಳ್ಳಿಯ ಎರಡು ಸಣ್ಣ ಸುರುಳಿಗಳು ದೊರೆತವು, ಸುಮಾರು 2,600 ವರ್ಷ ಹಳೆಯವು. ಬಲು ಜೋಪಾನವಾಗಿ ಬಿಡಿಸಿ ನೋಡಿದರೆ, ಇಂದಿಗೂ ಚರ್ಚುಗಳಲ್ಲಿ ಆರಾಧನೆಯ ಕೊನೆಗೆ ಕೇಳಿಬರುವ, ಅರಣ್ಯಕಾಂಡದ ಆರನೆಯ ಅಧ್ಯಾಯದ ಆಶೀರ್ವಚನ! ಬೈಬಲ್ಲಿನ ಮಾತುಗಳಿರುವ, ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಅದು. ಕೊರಳಿಗೆ ತಾಯಿತದಂತೆ ಕಟ್ಟಿಕೊಂಡಿದ್ದಿರಬೇಕು ಎಂಬುದು ವಿದ್ವಾಂಸರ ಅಭಿಪ್ರಾಯ. ದೇವರು ಕಾಪಾಡಲಿ ಎಂದ ಬೆನ್ನಿಗೇ ಅವನ ಮುಖ ನಿನ್ನ ಕಡೆ ಬೆಳಗಲಿ ಎಂಬ ಆಶಯ ಅದರಲ್ಲಿ ಬರುತ್ತದೆ. ದೇವರು ಮುಖ ತಿರುಗಿಸದೆ ಇರುವುದೇ ರಕ್ಷಣೆ ಎಂದು ಓದಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ.

ಆದರೆ ತಾಯಿತ ತಾಯಿತವೇ. ಇಂದು ಆ ಜಾಗದಲ್ಲಿ 91ನೆಯ ಕೀರ್ತನೆ ಇದೆ. ಕಾರಿನ ಗಾಜಿನ ಮೇಲೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ, ಮನೆಯ ಗೋಡೆಯಲ್ಲಿ ಎಲ್ಲೆಲ್ಲೂ ಅದೇ. ರೋಗ, ಬಾಣ, ಇರುಳಿನ ಭಯ ಯಾವುದೂ ಮುಟ್ಟದು, ಕಾಲಿಗೆ ಕಲ್ಲು ತಾಗದಂತೆ ದೂತರು ಕಾಯುತ್ತಾರೆ ಎಂಬ ಭರವಸೆಯ ಕೀರ್ತನೆ. ಓದಿದರೆ ಎದೆ ತಂಪಾಗುವುದು ನಿಜ. ಹಾಗೆಂದು ಅದೇ ಬೈಬಲ್ಲಿನಲ್ಲಿ ಈ ಸಾಲುಗಳನ್ನು ಎತ್ತಿ ಹೇಳುವವನು ಯಾರು ಗೊತ್ತೆ? ಸೈತಾನ. ಮತ್ತಾಯನ ನಾಲ್ಕನೆಯ ಅಧ್ಯಾಯದಲ್ಲಿ ಅವನು ಯೇಸುವನ್ನು ದೇವಾಲಯದ ತುದಿಗೆ ಹತ್ತಿಸಿ, ಇಷ್ಟೊಂದು ಭರವಸೆ ಇದೆಯಲ್ಲ, ಧುಮುಕಿ ತೋರಿಸು ಎನ್ನುತ್ತಾನೆ. ದೇವರನ್ನು ಪರೀಕ್ಷಿಸಬಾರದು ಎಂದು ಹೇಳಿ ಯೇಸು ನಿರಾಕರಿಸುತ್ತಾನೆ. ರಕ್ಷಣೆಯ ವಾಕ್ಯವನ್ನು ಕರಾರುಪತ್ರ ಮಾಡಿಕೊಂಡು ದೇವರ ಮುಂದೆ ಹಿಡಿಯಬೇಡಿ ಎಂಬ ಎಚ್ಚರಿಕೆ ಆ ಧರ್ಮದ ಒಳಗಿನಿಂದಲೇ ಬಂದದ್ದು. ಹೊರಗಿನ ವಿಚಾರವಾದಿಗಳು ಕಲಿಸಬೇಕಾಗಿರಲಿಲ್ಲ. ಗೆತ್ಸೆಮನೆಯ ತೋಟದಲ್ಲಿ ಯೇಸುವೇ ಕಷ್ಟದ ಬಟ್ಟಲು ತನ್ನಿಂದ ದಾಟಿ ಹೋಗಲಿ ಎಂದು ಬೇಡಿಕೊಂಡ. ಅದು ದಾಟಲಿಲ್ಲ.

ಹಾಗಾದರೆ ಬೇಡುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಹತ್ತಿರದ ಶ್ರೀರಂಗಪಟ್ಟಣದ ಕಡೆ ನೋಡಬಹುದು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಅಲ್ಲಿಗೆ ಸಾಗಿಸಿದ. ಸಂಖ್ಯೆಯ ಬಗ್ಗೆ, ಕಾರಣದ ಬಗ್ಗೆ ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಆ ಜಗಳ ಇಲ್ಲಿ ಬೇಡ. 1799ರವರೆಗೆ ಸೆರೆ ಮುಗಿಯಲಿಲ್ಲ. ಎಷ್ಟೋ ಮಂದಿ ಮರಳಲೇ ಇಲ್ಲ. ಪ್ರಾರ್ಥನೆ ಅವರನ್ನು ಕಾಪಾಡಿತೆಂದು ಲೆಕ್ಕ ಹಾಕಿ ಹೇಳಲಾಗದು. ಉಳಿದವರು ಊರಿಗೆ ಮರಳಿದಾಗ ತಮ್ಮ ಧರ್ಮದ ಗುರುತು ಅವರಲ್ಲಿ ಉಳಿದಿತ್ತು ಎಂದಷ್ಟೇ ಹೇಳಬಹುದು.

ಆ ಸೆರೆ ಮುಗಿದ ಮೇಲೆ ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’. 1823ರವರೆಗೆ ಈ ಸೀಮೆಯಲ್ಲಿದ್ದರು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲವದು. ಅವರು ಪ್ರಾರ್ಥನೆ ಹೇಳಿಸಿ ಸುಮ್ಮನಾಗಲಿಲ್ಲ. ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆಯನ್ನು ಮೈಸೂರು ರಾಜ್ಯದಲ್ಲಿ ಸಾವಿರಾರು ಜನಕ್ಕೆ ಹಾಕಿಸುವ ಕೆಲಸದಲ್ಲಿ ಮುಂದೆ ನಿಂತರು. ನೂರು ವರ್ಷಗಳ ನಂತರ ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ‘ಮಿಷನ್ ಆಸ್ಪತ್ರೆ’, ಇದೇ ತಿಳಿವಳಿಕೆಯಿಂದ ಹುಟ್ಟಿದ್ದು: 1906ರಲ್ಲಿ ಹೆರಿಗೆಮನೆಯಲ್ಲಿ ತಾಯಿಯನ್ನು ಉಳಿಸುವುದಕ್ಕಿಂತ ದೊಡ್ಡ ಕುಟುಂಬ ರಕ್ಷಣೆ ಇನ್ನಾವುದಿತ್ತು? ಎಣ್ಣೆ ಮಂತ್ರಿಸಿ ಕೊಡುತ್ತೇನೆ, ಇನ್ಸುಲಿನ್ ನಿಲ್ಲಿಸು ಎನ್ನುವ ಇವತ್ತಿನ ಪವಾಡದ ವ್ಯಾಪಾರಿಗಳಿಗೆ ದೊಡ್ಡ ಸ್ವಾಮಿಯವರ ಕಥೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಲಾಭದಾಯಕವಲ್ಲ.

ಹರಕೆಯನ್ನು ನಾನು ಈ ವ್ಯಾಪಾರಕ್ಕೆ ಸೇರಿಸುವುದಿಲ್ಲ. ಮಂಗಳವಾರ ಕೆ.ಆರ್. ನಗರದ ಬಳಿಯ ಡೋರನಹಳ್ಳಿಗೆ ಹೋದರೆ, ಸಂತ ಅಂತೋಣಿಯವರ ಮುಂದೆ ನಿಂತವರಲ್ಲಿ ಕುಂಕುಮ ಇಟ್ಟವರು, ವಿಭೂತಿ ಧರಿಸಿದವರು ಧಾರಾಳವಾಗಿ ಸಿಗುತ್ತಾರೆ. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನದು ಇನ್ನೂ ಸ್ವಾರಸ್ಯ. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದ ಚರ್ಚು ಅದು. 1961ರಲ್ಲಿ ವ್ಯಾಟಿಕನ್ ಆ ಸಂತಳ ಹಬ್ಬವನ್ನು ಆರಾಧನಾ ಪಂಚಾಂಗದಿಂದ ತೆಗೆಯಿತು. ಮೈಸೂರಿಗರು ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ. ಭಯವಾದಾಗ ಯಾರ ಮುಂದಾದರೂ ಹೋಗಿ ನಿಲ್ಲಬೇಕೆನ್ನಿಸುವುದು ಸಹಜ. ಆ ಭಯಕ್ಕೆ ಬೆಲೆ ಕಟ್ಟಿ ವಸೂಲಿ ಮಾಡಿದಾಗಲಷ್ಟೇ ತಕರಾರು.

ದೇವರ ಹತ್ತಿರ ಇರುವುದೆಂದರೆ ಗಂಟೆಗಟ್ಟಲೆ ಮೊಣಕಾಲೂರುವುದು ಎಂದು ಹೆದರುವವರಿಗೆ ಹದಿನೇಳನೆಯ ಶತಮಾನದ ಬ್ರದರ್ ಲಾರೆನ್ಸ್ ಒಳ್ಳೆಯ ಉದಾಹರಣೆ. ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಆತ ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುತ್ತಿದ್ದ. 1691ರಲ್ಲಿ ತೀರಿಕೊಂಡ ಮೇಲೆ ಅವನ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾಗಿ ಜಗತ್ತು ಸುತ್ತಿದವು. ಕುಕ್ಕರ್ ಮೂರನೆಯ ಸೀಟಿ ಹಾಕುವವರೆಗೆ ಮಗಳ ಪರೀಕ್ಷೆಗಾಗಿ ಮನಸ್ಸಿನಲ್ಲೇ ಬೇಡಿಕೊಳ್ಳುವ ನಮ್ಮ ತಾಯಂದಿರಿಗೆ ಆ ಪುಸ್ತಕ ಹೊಸದೇನನ್ನೂ ಹೇಳದು.

ಒಂದು ಕಠಿಣ ಮಾತು ಉಳಿದಿದೆ. ಕುಟುಂಬವನ್ನು ಕಾಪಾಡು ಎನ್ನುವಾಗ ಅಪಾಯ ಹೊರಗಿನಿಂದ ಬರುತ್ತದೆಂದೇ ನಾವು ಭಾವಿಸುತ್ತೇವೆ. ಅಪಾಯ ಅದೇ ಮನೆಯಲ್ಲಿ, ಜಪಸರಕ್ಕೆ ಜೊತೆಗೆ ಕೂತವನಿಂದಲೇ ಬಂದರೆ? ಹೊಡೆತ ತಿಂದು ಬಂದ ಹೆಣ್ಣಿಗೆ, ಪ್ರಾರ್ಥನೆ ಮಾಡಮ್ಮ, ಶಿಲುಬೆ ಹೊರು, ಎಲ್ಲ ಸರಿಹೋಗುತ್ತದೆ ಎಂದು ಕಳಿಸುವ ಹಿರಿಯರು ಎಲ್ಲ ಧರ್ಮಗಳಲ್ಲೂ ಇದ್ದಾರೆ, ಚರ್ಚಿನಲ್ಲೂ ಇದ್ದಾರೆ. ಚರ್ಚಿನ ಬೋಧನೆ ಅವರ ಪರವಾಗಿಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಕುಟುಂಬದ ಬಗ್ಗೆ ಹೊರಡಿಸಿದ ‘ಅಮೋರಿಸ್ ಲೆತಿತ್ಸಿಯಾ’ದ 241ನೆಯ ಪರಿಚ್ಛೇದ ಸ್ಪಷ್ಟವಾಗಿದೆ: ಹಿಂಸೆಯಿಂದ ಸಂಗಾತಿಯನ್ನೋ ಚಿಕ್ಕ ಮಕ್ಕಳನ್ನೋ ಪಾರುಮಾಡಬೇಕಾದಾಗ ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿ 181, ಮಕ್ಕಳದು 1098. ಭಾನುವಾರದ ಪ್ರಕಟಣೆಗಳಲ್ಲಿ ನೊವೇನಾದ ವೇಳೆ, ಮದುವೆಯ ಘೋಷಣೆ ಓದುವ ಗುರುಗಳೂ ಸಭಾಪಾಲಕರೂ ಈ ಎರಡು ನಂಬರುಗಳನ್ನೂ ಓದಿಬಿಡಬೇಕು, ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸಲೂಬೇಕು.