ಬ್ರೇಕ್ ಡಿಸ್ಕ್ ಮೇಲೂ ಒಂದು ಶಾಸನ ಇದೆ, ಓದಿದ್ದೀರಾ?

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 150ಎ. ಘಾಟಿ ಇಲ್ಲ, ಬಹುಪಾಲು ಸಮತಟ್ಟು. ಅದಕ್ಕೇ ನಮ್ಮ ಕಡೆ ಬ್ರೇಕ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಮೈಲೇಜ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಬ್ರೇಕ್ ವಿಷಯ ಬಂದರೆ ಮಾತ್ರ "ಹಿಡೀತದಲ್ಲ, ಸಾಕ್ ಬಿಡ್ರಿ" ಅಂತಾರೆ.

ಆದರೆ ಇದೇ ದಾರೀಲಿ ಸುಗ್ಗಿ ಸಮಯದಲ್ಲಿ ಭತ್ತ ತುಂಬಿದ ಟ್ರ್ಯಾಲಿ ಹಿಂದೆ ಲೈಟ್ ಇಲ್ಲದೆ ಹೋಗ್ತಿರುತ್ತೆ. ಕುರಿ ಹಿಂಡು ರಸ್ತೆ ದಾಟುತ್ತೆ. ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಎರೆಮಣ್ಣು ಉದುರಿಸಿ ಹೋಗಿರುತ್ತೆ. ರಸ್ತೆ ನೇರ ಇರೋದರಿಂದ ನಾವೂ 80ರ ಕೆಳಗೆ ಇಳಿಯೋದಿಲ್ಲ. ಬೆಂಗಳೂರಲ್ಲಿ ಕೆಲಸ, ಊರಲ್ಲಿ ಅಪ್ಪ-ಅಮ್ಮ, ಮನೆ ಮುಂದೆ ಏಳೆಂಟು ವರ್ಷದ ಒಂದು ಕಾರು. ನಿಮ್ಮ ಮನೆ ಕಥೆಯೂ ಇದೇ ಆಗಿದ್ದರೆ ಈ ವಾರದ ಅಂಕಣ ನಿಮಗೇ.

ಮೊದಲು ಒಂದು ಸಣ್ಣ ಲೆಕ್ಕ. ಜನ ಕೂತ ಸಣ್ಣ ಕಾರಿನ ತೂಕ 1,200 ಕೆ.ಜಿ. ಅಂದುಕೊಳ್ಳಿ. 80ರ ವೇಗದಲ್ಲಿ ಅದರೊಳಗಿನ ಚಲನಶಕ್ತಿ ಹತ್ತಿರ ಹತ್ತಿರ 300 ಕಿಲೋಜೂಲ್. ನಮ್ಮ ಬೇಸಿಗೆಯ 30 ಡಿಗ್ರಿ ನೀರನ್ನು ಒಂದು ಲೀಟರ್ ತಗೊಂಡು ಕುದಿ ಬರಿಸೋಕೆ ಸರಿಸುಮಾರು ಇಷ್ಟೇ ಶಕ್ತಿ ಬೇಕು. ಗ್ಯಾಸ್ ಒಲೆ ಮೇಲೆ ಅದಕ್ಕೆ ಕೆಲವು ನಿಮಿಷ ಹಿಡಿಯುತ್ತೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅಷ್ಟೂ ಶಾಖ ಮೂರ್ನಾಲ್ಕು ಸೆಕೆಂಡಿನಲ್ಲಿ ಹುಟ್ಟುತ್ತೆ. ಅದರಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಎರಡು ಡಿಸ್ಕ್‌ಗಳೇ ತಡೆದುಕೊಳ್ಳಬೇಕು. ಇನ್ನೊಂದು ಮಾತು: 40ರ ವೇಗಕ್ಕೆ ಹೋಲಿಸಿದರೆ 80ರಲ್ಲಿ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಡಿಸ್ಕ್ ಅಂದರೆ ಒಂಥರಾ ಪಾತ್ರೆ. ದಪ್ಪ ತಳದ ಪಾತ್ರೆ ನಿಧಾನ ಕಾಯುತ್ತೆ, ತೆಳು ಪಾತ್ರೆ ಬೇಗ ಕಾದು ಸೊಟ್ಟಗಾಗುತ್ತೆ. ಸವೆದು ತೆಳುವಾದ ಡಿಸ್ಕ್ ದಿನನಿತ್ಯ ಊರೊಳಗೆ ಓಡಾಡುವಾಗ ಏನೂ ತೋರಿಸಿಕೊಡೋದಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ, ಮೇಲಿಂದ ಮೇಲೆ ಗಟ್ಟಿ ಬ್ರೇಕ್ ಬೇಕಾದಾಗ ಕೈಕೊಡುತ್ತೆ.

ಹಾಗಾದರೆ ಡಿಸ್ಕ್ ಬದಲಿಸಬೇಕೋ ಬೇಡವೋ ಅಂತ ಯಾರನ್ನ ಕೇಳೋದು? ಡಿಸ್ಕನ್ನೇ ಕೇಳಿ. ಕಾರಿನ ಡಿಸ್ಕ್‌ನ ನಡುಭಾಗದಲ್ಲೋ ಅಂಚಿನಲ್ಲೋ ಇಂಗ್ಲಿಷಿನಲ್ಲಿ 'ಮಿನ್ ಟಿಎಚ್' ಅಂತ ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತೆ. ಅದು ಕನಿಷ್ಠ ದಪ್ಪ, ಮಿಲಿಮೀಟರಿನಲ್ಲಿ. ತುಕ್ಕು ಹಿಡಿದು ಕಾಣದಿದ್ದರೆ ವಾಹನದ ಸರ್ವಿಸ್ ಮಾಹಿತಿಯಲ್ಲಿ ಸಿಗುತ್ತೆ. 1915ರಲ್ಲಿ ಮಸ್ಕಿಯ ಬಂಡೆ ಮೇಲೆ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿತು. ಅಂಥ ಊರಿನವರಿಗೆ ಕಬ್ಬಿಣದ ಮೇಲಿನ ಒಂದು ಸಾಲು ಓದೋದು ಕಷ್ಟವೇನಲ್ಲ!

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಕಾರಿನ ಚಕ್ರ ಬಿಚ್ಚಿಸಿದ್ದೆ. ಪ್ಯಾಡ್ ಮುಗಿದಿತ್ತು. ಗ್ಯಾರೇಜಿನ ಅಣ್ಣ, "ಡಿಸ್ಕ್ ಇನ್ನಾ ನಡೀತದ್ರಿ, ಪ್ಯಾಡ್ ಅಷ್ಟ ಹಾಕೋಣು" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಮೈಕ್ರೋಮೀಟರ್ ಇಟ್ಟು ನೋಡಿದರೆ 15.3 ಮಿ.ಮೀ., ಡಿಸ್ಕ್ ಮೇಲೆ ಬರೆದಿದ್ದು 15. ಅವತ್ತಿನ ಮಟ್ಟಿಗೆ ಪಾಸ್. ಆದರೆ ಹೊಸ ಪ್ಯಾಡ್ ಹಾಕಿದರೆ ಅದು ಮುಗಿಯುವವರೆಗೆ ಈ ಡಿಸ್ಕ್ ತಡೀಬೇಕಲ್ಲ? 0.3 ಮಿ.ಮೀ. ಸವೆದ ಮೇಲೆ ಹೊಸ ಪ್ಯಾಡ್ ಹಳೇ ಡಿಸ್ಕನ್ನು ಮಿತಿ ಮೀರಿ ಉಜ್ಜುತ್ತಾ ಇರುತ್ತೆ, ಆಗ ಚಕ್ರ ಬಿಚ್ಚಿ ನೋಡೋರು ಯಾರೂ ಇರೋದಿಲ್ಲ. ಲೇತ್‌ಗೆ ಕೊಟ್ಟು ಮೇಲ್ಮೈ ಸಮ ಮಾಡಿಸೋಣ ಅಂದರೆ ಅದೂ ದಪ್ಪವನ್ನೇ ತಿನ್ನುತ್ತೆ.

ಖರ್ಚು ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸವದ ಮೂಗುದಾರ ಹಾಕಿ ಎತ್ತು ಬಂಡಿಗೆ ಕಟ್ಟಂಗಿಲ್ಲ ತಮ್ಮಾ, ಎರಡೂ ಹಾಕಿಸು" ಅಂದರು. ನನ್ನ ಕಿಲೋಜೂಲ್ ಲೆಕ್ಕಕ್ಕಿಂತ ಅದೇ ಸರಿಯಾದ ವಿವರಣೆ ಅನ್ನಿಸ್ತು.

ಇನ್ನು ಆಯ್ಕೆ. ಅಂಗಡಿಗೆ ಹೋದರೆ ಮೊದಲು ಬರೋದು ಬ್ರ್ಯಾಂಡ್ ಹೆಸರು, ಆಮೇಲೆ ರೇಟು. ನೀವು ಶುರು ಮಾಡಬೇಕಾದ್ದು ಪಾರ್ಟ್ ನಂಬರಿನಿಂದ. ಒಂದೇ ಮಾಡೆಲ್ ಕಾರಿಗೂ ವರ್ಷ, ವೇರಿಯಂಟ್ ಬದಲಾದರೆ ಡಿಸ್ಕ್ ಅಳತೆ ಬದಲಾಗಬಹುದು. ಚಾಸಿ ನಂಬರ್ ಕೊಟ್ಟು ಸರಿಯಾದ ಪಾರ್ಟ್ ನಂಬರ್ ತಿಳ್ಕೊಳ್ಳಿ. ನಾವು ಸಾಫ್ಟ್‌ವೇರಿನಲ್ಲಿ ವರ್ಷನ್ ನೋಡದೆ ಏನನ್ನೂ ಇನ್‌ಸ್ಟಾಲ್ ಮಾಡೋದಿಲ್ಲ, ಇದೂ ಹಾಗೇ.

ಪ್ಯಾಡ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಆರ್ಗ್ಯಾನಿಕ್ ಮೆತ್ತಗಿರುತ್ತೆ, ಶಬ್ದ ಕಡಿಮೆ, ಬೆಲೆಯೂ ಕಡಿಮೆ, ಬೇಗ ಸವೆಯುತ್ತೆ. ಸೆಮಿ-ಮೆಟಾಲಿಕ್ ಶಾಖ ಚೆನ್ನಾಗಿ ತಡೆಯುತ್ತೆ, ಆದರೆ ಶಬ್ದ, ಧೂಳು ಹೆಚ್ಚು, ಡಿಸ್ಕನ್ನೂ ಹೆಚ್ಚು ತಿನ್ನುತ್ತೆ. ಸೆರಾಮಿಕ್ ಶಾಂತ, ಧೂಳು ಕಡಿಮೆ, ದುಬಾರಿ. ನಮ್ಮ ಸಮತಟ್ಟು ದಾರಿಗೆ ಕಂಪನಿ ಕೊಟ್ಟ ಬಗೆಯದ್ದೇ ಸಾಕು. ದಿನಾ ಲೋಡ್ ಹೊರುವ ಗಾಡಿಗೆ ಶಾಖ ತಡೆಯುವ ಗುಣ ಮುಖ್ಯ.

ಹಲವು ಪ್ಯಾಡ್‌ಗಳ ಅಂಚಿನಲ್ಲಿ 'ಎಫ್‌ಎಫ್', 'ಇಎಫ್' ಥರ ಎರಡಕ್ಷರ ಇರುತ್ತೆ. ಮೊದಲನೇದು ಸಾಮಾನ್ಯ ಬಿಸಿಯಲ್ಲಿ ಹಿಡಿತ, ಎರಡನೇದು ಚೆನ್ನಾಗಿ ಕಾದಾಗಿನ ಹಿಡಿತ. ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಹಿಡಿತ ಹೆಚ್ಚಿದ್ದಷ್ಟೂ ಒಳ್ಳೇದು ಅಂತಲ್ಲ. ಮುಂದಿನ ಮತ್ತು ಹಿಂದಿನ ಬ್ರೇಕಿನ ಹೊಂದಾಣಿಕೆ ಮೂಲ ಪ್ಯಾಡ್ ಲೆಕ್ಕದಲ್ಲೇ ಆಗಿರುತ್ತೆ. ಯುರೋಪಿನ ಆರ್90 ನಿಯಮದಲ್ಲೂ ಬದಲಿ ಪ್ಯಾಡ್‌ನ ಹಿಡಿತ ಮೂಲದ್ದಕ್ಕಿಂತ ಶೇ. 15ರಷ್ಟು ಮಾತ್ರ ಆಚೀಚೆ ಇರಬಹುದು. ಹಳೇ ಪ್ಯಾಡ್‌ನ ಅಕ್ಷರ ನೋಡಿ, ಅದಕ್ಕೆ ಹತ್ತಿರದ್ದು ತಗೊಳ್ಳಿ.

ಕಾರಿಗೆ ತೂತು ಕೊರೆದ ಡಿಸ್ಕ್ ನೋಡೋಕೆ ಚಂದ. ಆದರೆ ತೂತಿನೊಳಗೆ ನಮ್ಮ ಎರೆಮಣ್ಣು ಕೂರುತ್ತೆ, ತುಂಬಾ ಕಾದರೆ ತೂತಿನ ಸುತ್ತ ಬಿರುಕು ಬಿಡೋ ಸಾಧ್ಯತೆಯೂ ಇದೆ. ಮನೆ ಕಾರಿಗೆ ಸಾದಾ ಡಿಸ್ಕ್ ಸಾಕು.

ಹಾಕಿಸುವಾಗ ಇಷ್ಟು ನೆನಪಿರಲಿ:

ಎಡ-ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ.

ಹೊಸ ಡಿಸ್ಕ್ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿಸಿ.

ಹಳೇ ಧೂಳನ್ನು ಗಾಳಿ ಪೈಪಿನಿಂದ ಊದಲು ಬಿಡಬೇಡಿ. ಅದು ನೇರ ಕೆಲಸ ಮಾಡುವ ಹುಡುಗನ ಶ್ವಾಸಕೋಶಕ್ಕೆ ಹೋಗುತ್ತೆ. ಒದ್ದೆ ಬಟ್ಟೆ ಸಾಕು.

ಬ್ರೇಕ್ ಆಯಿಲ್ ಹಾಕಿ ಎಷ್ಟು ದಿನ ಆಯ್ತು ಕೇಳಿ. ಅದು ಗಾಳಿಯ ತೇವ ಹೀರುತ್ತೆ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತೆ, ಗಾಡಿ ನಿಲ್ಲೋದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಗಾಡಿ ತೆಗೆಯುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಪ್ಯಾಡ್ ಬದಲಿಸಿದ ಮೇಲೆ ಮೊದಲ ಒತ್ತು ನೆಲಕ್ಕೇ ಹೋಗಬಹುದು.

ಆಮೇಲೆ ಬೆಳಗಿನ ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಹದವಾಗಿ ಎಂಟತ್ತು ಸಲ ವೇಗ ಇಳಿಸಿ, ನಡುವೆ ಆರಲು ಬಿಡಿ. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳೋದು ಹೀಗೆ. ಮೊದಲ ಕೆಲವು ದಿನ ಮುಂದಿನ ಗಾಡಿಯಿಂದ ಅಂತರ ಜಾಸ್ತಿ ಇಟ್ಕೊಳ್ಳಿ.

ಕೊನೇದಾಗಿ, ಬಿಲ್ ಕೇಳಿ ತಗೊಳ್ಳಿ. ಎಮ್ಮಾರ್ಪಿಗಿಂತ ಅರ್ಧಕ್ಕೆ ಕೊಡ್ತೀನಿ ಅಂದರೆ ಪಾರ್ಟ್ ನಂಬರ್, ಪ್ಯಾಕಿಂಗ್ ಎರಡೂ ಇನ್ನೊಮ್ಮೆ ನೋಡಿ. ನಕಲಿ ಪ್ಯಾಡ್ ಕೂಡ ಅಂಗಡಿ ಮುಂದೆ 20ರ ವೇಗದಲ್ಲಿ ಚೆನ್ನಾಗೇ ಹಿಡಿಯುತ್ತೆ.

ದಸರಾ, ದೀಪಾವಳಿ ಅಂತ ಊರಿಗೆ ಹೋದಾಗ ಅಪ್ಪ-ಅಮ್ಮನಿಗೆ ಬಟ್ಟೆ ತಗೊಂಡು ಹೋಗ್ತೀವಿ. ಈ ಸಲ ಅದರ ಜೊತೆ ಅರ್ಧ ಗಂಟೆ ಬಿಡುವು ಮಾಡ್ಕೊಂಡು ಗಾಡಿಯ ಮುಂದಿನ ಚಕ್ರ ಬಿಚ್ಚಿಸಿ, ದಪ್ಪ ಅಳೆಸಿ, ಎರಡೂ ಸಂಖ್ಯೆ ಫೋನಿನಲ್ಲಿ ಬರೆದಿಟ್ಕೊಳ್ಳಿ. ಮುಂದಿನ ಸಲ ಯಾರಾದರೂ "ಇನ್ನಾ ನಡೀತದ್ರಿ" ಅಂದಾಗ ಎಲ್ಲಿವರೆಗೆ ಅಂತ ನಿಮಗೇ ಗೊತ್ತಿರುತ್ತೆ.