ತುಕ್ಕು ಹಿಡಿದ ಹಂಚು ಗುಜರಿಗ್ಯಾಕ?

ರೋಣ, ನರಗುಂದ, ಗಜೇಂದ್ರಗಡದ ಕಡೆಯಿಂದ ಬಂದು ರೂಮ್ ಮಾಡಿರೋ ಗೆಳೆಯರಿಗೊಂದು ಮಾತು: ಮನೆ ಅಟ್ಟದ ಮ್ಯಾಲೆ ತುಕ್ಕು ಹಿಡಿದು ಬಿದ್ದಿರೋ ರೊಟ್ಟಿ ಹಂಚನ್ನ ಗುಜರಿಗೆ ಹಾಕಬ್ಯಾಡ್ರಿ. ನಾನ್‌ಸ್ಟಿಕ್ ತವಾ ಒಂದೇ ಕ್ಲಿಕ್ಕಿಗೆ ಬರತೈತಿ, ಖರೆ. ಆದ್ರ ಜೋಳದ ರೊಟ್ಟಿಗೆ ಬೇಕಾಗೋದು ಚಲೋತ್ನಂಗ ಕಾದ ಹಂಚು. ನಾನ್‌ಸ್ಟಿಕ್ಕಿನ ಪಿಟಿಎಫ್‌ಇ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ್ರ ಕೆಡಾಕ ಶುರು ಆಗತೈತಿ. ದೊಡ್ಡ ಉರಿಯಾಗ ಖಾಲಿ ತವಾ ಅಲ್ಲಿಗೆ ಮುಟ್ಟಾಕ ಕೆಲವೇ ನಿಮಿಷ ಸಾಕು.

ತುಕ್ಕು ಅಂದ್ರ ಬಹುತೇಕ ಮೇಲ್ಪದರದ ಐರನ್ ಆಕ್ಸೈಡ್. ಹುಣಸೆ ಹುಳಿಯ ಆಮ್ಲ ಅದನ್ನ ಸಡಿಲ ಮಾಡತೈತಿ. ತಿಕ್ಕಿ, ತೊಳೆದು, ಒಲಿ ಮ್ಯಾಲೆ ಪೂರಾ ಒಣಗಿಸ್ರಿ. ಶೇಂಗಾ ಎಣ್ಣೆ ತೆಳ್ಳಗ ಸವರಿ, ಕಿಟಕಿ ತೆಗೆದಿಟ್ಟು, ಹೊಗಿ ಬರೋತನಕ ಕಾಯಿಸ್ರಿ. ಮೂರ್ನಾಲ್ಕು ಸಲ ಹಿಂಗ ಮಾಡಿದ್ರ ಎಣ್ಣೆ ಪಾಲಿಮರ್ ಆಗಿ ಕಪ್ಪು ಪದರ ಕಟ್ಟತೈತಿ. ಕೆಮಿಸ್ಟ್ರಿಯ ಕೊರೋಷನ್ ಪಾಠ ಇಲ್ಲೇ ಐತಿ ನೋಡ್ರಿ.

ಹಂಚು ಸೀಳಿದ್ರ, ತೂತು ಬಿದ್ದಿದ್ರ ಮಾತ್ರ ಹೊಸದು ತಗೊಳ್ರಿ, ಅದೂ ಕಬ್ಬಿಣದ್ದೇ. ಲೇಪನ ಕಿತ್ತುಹೋದ ತವಾನ್ನ ಮನಿಯಾಗ ಸರಿ ಮಾಡಾಕ ಬರಂಗಿಲ್ಲ, ಹಂಚನ್ನ ಬರತೈತಿ. ರಿಪೇರಿ ಆಗೋದನ್ನ ಎಸೆದು ಹೊಸದು ಕೊಳ್ಳಾಕ ಇಂಜಿನಿಯರ್ ಯಾಕ ಬೇಕ್ರಿ?